ಯೂಟ್ಯೂಬ್, ಆಡಿಯೋ ಎಲ್ಲ ಇರುವಾಗ ಪುಸ್ತಕ ಯಾಕೆ ಓದಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿದ್ದು ಹೀಗೆ. ಡಿಗ್ರಿ ಮುಗಿಸಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ತಯಾರಿ ಮಾಡ್ತಾ ಇದ್ದೀರಿ. ಎಲ್ಲ ವಿಷಯಕ್ಕೂ ಯೂಟ್ಯೂಬ್‌ನಲ್ಲಿ ಕನ್ನಡದಲ್ಲೇ ಕ್ಲಾಸ್ ಸಿಗುತ್ತೆ, ಬಸ್ಸಲ್ಲಿ ಕೇಳೋಕೆ ಆಡಿಯೋ ಪುಸ್ತಕ ಇದೆ, ಇಡೀ ಪುಸ್ತಕದ ಸಾರವನ್ನು ಹದಿನೈದು ನಿಮಿಷದಲ್ಲಿ ಹೇಳಿ ಮುಗಿಸುವ ಚಾನೆಲ್‌ಗಳೂ ಇವೆ. ಹಾಗಿರುವಾಗ ಪುಸ್ತಕ ಹಿಡ್ಕೊಂಡು ಕೂರೋದು ಹಳೇ ಕಾಲದವರ ಹಟ ಅಷ್ಟೇ ಅಲ್ವಾ, ಅದೂ ಅಲ್ಲದೆ ಓದಲು ಕೂತರೆ ನಿದ್ದೆ ಬರುತ್ತೆ, ಏನು ಮಾಡಲಿ ಅಂತ ಕೇಳಿದ್ದೀರಿ.

ನಾನು ಸಾಗರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮೇಲ್ವಿಚಾರಕ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಬೋರ್ಡ್ ಬಂದಿದೆ, ಊರವರ ಬಾಯಲ್ಲಿ ಮಾತ್ರ ಅದು ಲೈಬ್ರರಿಯೇ. ಮನೆಯಲ್ಲಿ ಸ್ವಲ್ಪ ಅಡಿಕೆ ತೋಟವೂ ಇದೆ. ಹಾಗಾಗಿ ಓದುವವರನ್ನು, ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುವವರನ್ನು, ಮೊಬೈಲ್ ನೋಡಿಕೊಂಡು ತೋಟಕ್ಕೆ ಮದ್ದು ಹೊಡೆಯುವವರನ್ನು ದಿನಾ ನೋಡ್ತೀನಿ. ಲೈಬ್ರರಿಯವನು ಪುಸ್ತಕದ ಪರವಾಗಿ ಮಾತಾಡದೆ ಇನ್ನೇನು ಮಾಡ್ತಾನೆ ಅಂದ್ಕೊಬೇಡಿ. ನಮ್ಮಲ್ಲಿ ಕಂಪ್ಯೂಟರ್, ಟಿವಿ ಎರಡೂ ಇವೆ, ನಿಜ ಹೇಳಬೇಕು ಅಂದ್ರೆ ಪುಸ್ತಕದ ಕಪಾಟಿಗಿಂತ ಅವುಗಳ ಮುಂದೆಯೇ ಜನ ಜಾಸ್ತಿ.

ನನಗೆ ಅನ್ನಿಸುವುದು ಇಷ್ಟು: ಕಣ್ಣಲ್ಲಿ ಕಲಿತೆವೋ ಕಿವಿಯಲ್ಲಿ ಕಲಿತೆವೋ ಅಂತ ಜಗಳ ಆಡಿ ಉಪಯೋಗ ಇಲ್ಲ. ಕಲಿಯುವಾಗ ಎಲ್ಲಿ ನಿಲ್ಲಬೇಕು ಅಂತ ತೀರ್ಮಾನ ಮಾಡುವವರು ಯಾರು, ನೀವಾ, ಹೇಳುತ್ತಿರುವವರಾ? ಅದನ್ನು ನೋಡಿ ಸಾಕು. ಪುಸ್ತಕ ನೀವು ನಿಂತ ಕಡೆ ನಿಲ್ಲುತ್ತೆ. ವಿಡಿಯೋ ನಿಮ್ಮನ್ನು ಕೇಳದೆ ಮುಂದೆ ಹೋಗುತ್ತೆ.

ಓದುವಾಗ ನಮ್ಮ ಕಣ್ಣು ಸಾಲಿನ ಮೇಲೆ ಸುಮ್ನೆ ಜಾರಿಕೊಂಡು ಹೋಗಲ್ಲ. ಜಿಗಿದು ಜಿಗಿದು ಹೋಗುತ್ತೆ, ನಡುನಡುವೆ ಹಿಂದಕ್ಕೂ ಬರುತ್ತೆ. ಇಂಗ್ಲಿಷ್ ಓದುವವರ ಕಣ್ಣಿನ ಚಲನೆ ಅಳೆದು ನೋಡಿದವರು, ಆ ಜಿಗಿತಗಳಲ್ಲಿ ಶೇಕಡಾ 10ರಿಂದ 15ರಷ್ಟು ಹಿಂದಕ್ಕೇ ಇರುತ್ತವೆ ಅಂತ ಹೇಳ್ತಾರೆ. ಅದು ನಮ್ಮ ಗಮನಕ್ಕೇ ಬರಲ್ಲ. ಏನೋ ತಪ್ಪಿತು ಅನ್ನಿಸಿದ ಕೂಡಲೇ ಕಣ್ಣು ಹೋಗಿ ನೋಡಿಕೊಂಡು ಬಂದಾಗಿರುತ್ತೆ. ಅದೇ ಕೆಲಸ ವಿಡಿಯೋದಲ್ಲಿ ಆಗಬೇಕು ಅಂದ್ರೆ ಬೆರಳು ಎತ್ತಿ, ಪರದೆ ಮುಟ್ಟಿ, ಹತ್ತು ಸೆಕೆಂಡು ಹಿಂದೆ ಹೋಗಿ, ಅದು ಸಾಲದೆ ಇನ್ನೂ ಹತ್ತು ಸೆಕೆಂಡು ಹೋಗಬೇಕು. ಯಾರು ಅಷ್ಟು ಕಷ್ಟಪಡ್ತಾರೆ? "ಇರಲಿ, ಮುಂದೆ ಗೊತ್ತಾಗುತ್ತೆ" ಅಂತ ಬಿಟ್ಟುಬಿಡ್ತೀವಿ.

ನಿಮ್ಮ ಪರೀಕ್ಷೆಯದೇ ಒಂದು ಉದಾಹರಣೆ ಕೊಡ್ತೀನಿ. ನಮ್ಮಲ್ಲಿಗೆ ಬರುವ ಒಬ್ಬ ಹುಡುಗ ಸಂವಿಧಾನದ 73ನೇ ತಿದ್ದುಪಡಿ ಮೇಲೆ ಉದ್ದದ ಕ್ಲಾಸೊಂದನ್ನು ನೋಡಿ ಮುಗಿಸಿದ್ದ. ಪಾಠ ಮಾಡಿದವರು ಚೆನ್ನಾಗಿಯೇ ಹೇಳಿದ್ದರು. 1992ರ ತಿದ್ದುಪಡಿ, 1993ರ ಏಪ್ರಿಲ್ 24ರಿಂದ ಜಾರಿ, 11ನೇ ಅನುಸೂಚಿ, ಅದರಲ್ಲಿ 29 ವಿಷಯ, ಎಲ್ಲ ಅವನ ನಾಲಿಗೆ ತುದಿಯಲ್ಲಿತ್ತು. ಗ್ರಾಮ ಪಂಚಾಯಿತಿಗೂ ಗ್ರಾಮ ಸಭೆಗೂ ಏನಪ್ಪಾ ವ್ಯತ್ಯಾಸ ಅಂತ ಕೇಳಿದೆ. "ಎರಡೂ ಒಂದೇ ಅಲ್ವಾ ಅಣ್ಣ, ಮೆಂಬರ್‌ಗಳು ಸೇರಿ ಮೀಟಿಂಗ್ ಮಾಡಿದ್ರೆ ಸಭೆ" ಅಂದ. ವಿಡಿಯೋದಲ್ಲಿ ಇದನ್ನು ಹೇಳಿರಲಿಲ್ಲವೇ? ಖಂಡಿತ ಹೇಳಿರ್ತಾರೆ. ಒಂದು ಸಾಲಿನಲ್ಲಿ ಹೇಳಿ 29 ವಿಷಯಗಳ ಕಡೆ ಹೋಗಿರ್ತಾರೆ.

ಸಮಾಜ ವಿಜ್ಞಾನದ ಪಠ್ಯಪುಸ್ತಕ ಕೊಟ್ಟು ಆ ಭಾಗ ಓದು ಅಂದೆ. ಪಂಚಾಯಿತಿ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಗ್ರಾಮ ಸಭೆಗೆ ಸೇರಿದವರು ಅನ್ನೋ ಕಡೆ ಬಂದ. ಮುಂದಿನ ಸಾಲಿಗೆ ಹೋಗಲಿಲ್ಲ. ಬೆರಳು "ಎಲ್ಲರೂ" ಮೇಲೇ ಇತ್ತು. "ಹಾಗಾದ್ರೆ ನಾನೂ ಗ್ರಾಮ ಸಭೆ ಸದಸ್ಯನಾ ಅಣ್ಣ?" ಅಂತ ಕೇಳಿದ. ಹೌದು ಮಾರಾಯ, ನಿನಗೆ ವೋಟು ಇದ್ಯಲ್ಲ, ನೀನೂ ಸದಸ್ಯನೇ, ಹೋಗಿ ಲೆಕ್ಕ ಕೇಳಬಹುದು ಅಂದೆ. ಅವನು ಇನ್ನು ಅದನ್ನು ಮರೆಯಲ್ಲ. ಆ ಪುಸ್ತಕದ ಭಾಷೆಯೇನು ಸೊಗಸಾಗಿರಲಿಲ್ಲ, ಪಠ್ಯಪುಸ್ತಕದ ಭಾಷೆ ಹೇಗಿರುತ್ತೆ ಅಂತ ನಿಮಗೂ ಗೊತ್ತು. ಆದರೆ ಅವನು ತಲೆ ಓಡಿಸುವಷ್ಟು ಹೊತ್ತು ಅದು ಸುಮ್ನೆ ಕಾದಿತ್ತು.

ಇದಕ್ಕೆ ಸಂಶೋಧನೆಯ ಬೆಂಬಲವೂ ಇದೆ. 2010ರಲ್ಲಿ ಅಮೆರಿಕದಲ್ಲಿ ಡೇನಿಯಲ್ ಮತ್ತು ವುಡಿ ಅನ್ನೋ ಇಬ್ಬರು ಒಂದೇ ವಿಷಯವನ್ನು ಕೆಲವು ವಿದ್ಯಾರ್ಥಿಗಳಿಗೆ ಓದಲು ಕೊಟ್ಟರು, ಉಳಿದವರಿಗೆ ಪಾಡ್‌ಕಾಸ್ಟ್ ಮಾಡಿ ಕೇಳಲು ಕೊಟ್ಟರು. ಆಮೇಲೆ ಪರೀಕ್ಷೆ ಮಾಡಿದಾಗ ಓದಿದವರಿಗೆ ಸರಾಸರಿ ಶೇಕಡಾ 81, ಕೇಳಿದವರಿಗೆ 59. ಇದನ್ನು ನೋಡಿ ಕೇಳೋದೇ ದಂಡ ಅಂತ ತೀರ್ಮಾನ ಮಾಡಬೇಡಿ. 2016ರಲ್ಲಿ ಇನ್ನೊಂದು ತಂಡ ಎರಡನೇ ಮಹಾಯುದ್ಧದ ಕಾಲದ ಒಬ್ಬನ ಜೀವನಕಥೆಯ ಭಾಗಗಳನ್ನು ಕೆಲವರಿಗೆ ಓದಿಸಿ, ಕೆಲವರಿಗೆ ಕೇಳಿಸಿ ನೋಡಿತು. ಅಲ್ಲಿ ಗಮನಿಸುವಂಥ ವ್ಯತ್ಯಾಸವೇ ಬರಲಿಲ್ಲ. ಯಾಕೆ ಅಂತ ನನಗನ್ನಿಸೋದು, ಕಥೆಗೆ ತನ್ನದೇ ಓಟ ಇರುತ್ತೆ, "ಆಮೇಲೆ ಏನಾಯ್ತು" ಅನ್ನೋ ದಾರ ಹಿಡ್ಕೊಂಡು ಹೋದರೆ ಸಾಕು, ನಡುವೆ ಒಂದು ಮಾತು ತಪ್ಪಿದರೂ ಮತ್ತೆ ಸಿಗುತ್ತೆ. ಪಾಠದಲ್ಲಿ ಹಾಗಿಲ್ಲ. ಮೂರನೇ ವಾಕ್ಯ ತಪ್ಪಿದರೆ ಏಳನೆಯದು ಅರ್ಥ ಆಗಲ್ಲ, ಆದರೂ ಅರ್ಥ ಆದ ಹಾಗೇ ಅನ್ನಿಸ್ತಾ ಇರುತ್ತೆ. ಅಪಾಯ ಇರೋದು ಅಲ್ಲಿ.

ಈಗ ತೋಟದ ಕಡೆ ಬರ್ತೀನಿ, ನನಗೆ ವಿಡಿಯೋದ ಬೆಲೆಯೂ ಪುಸ್ತಕದ ಬೆಲೆಯೂ ಚೆನ್ನಾಗಿ ಗೊತ್ತಾಗಿದ್ದು ಅಲ್ಲೇ. ಅಡಿಕೆಗೆ ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆ ರೋಗ ಬರುತ್ತೆ, ಅದಕ್ಕೆ ಬೋರ್ಡೋ ದ್ರಾವಣ ಹೊಡೀತೀವಿ. ಶೇಕಡಾ 1ರ ದ್ರಾವಣ ಅಂದ್ರೆ 1 ಕೆಜಿ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಲ್ಲಿ ಕರಗಿಸಬೇಕು, 1 ಕೆಜಿ ಸುಣ್ಣವನ್ನು ಬೇರೆ 50 ಲೀಟರ್ ನೀರಲ್ಲಿ ಕದಡಬೇಕು, ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯುತ್ತಾ ಕಲಸಬೇಕು. ತಿರುಗಾ ಮುರುಗಾ ಮಾಡಿದರೆ ಗಸಿ ದಪ್ಪವಾಗಿ ತಳಕ್ಕೆ ಕೂರುತ್ತೆ, ನಾಝಲ್ ಕಟ್ಟುತ್ತೆ. ಕಬ್ಬಿಣದ ಪಾತ್ರೆ ಬಳಸುವ ಹಾಗಿಲ್ಲ. ಕೊನೆಗೆ ಹೊಳೆಯುವ ಕತ್ತಿಯೊಂದನ್ನು ಅದ್ದಿ ನೋಡಬೇಕು. ಕತ್ತಿಗೆ ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲಲಿಲ್ಲ ಅಂತ ಲೆಕ್ಕ, ಇನ್ನಷ್ಟು ಹಾಕಬೇಕು. ಕಲಸಿದ್ದನ್ನು ಅವತ್ತೇ ಹೊಡೆದು ಮುಗಿಸಬೇಕು.

ಇದರ ಮೇಲೆ ವಿಡಿಯೋಗಳು ಎಷ್ಟು ಬೇಕಾದರೂ ಇವೆ. ಕಲಸುವಾಗ ಬಣ್ಣ ಹೇಗೆ ಆಕಾಶನೀಲಿಗೆ ತಿರುಗುತ್ತೆ ಅಂತ ನೋಡೋಕೆ ವಿಡಿಯೋಕ್ಕೆ ಸಾಟಿ ಇಲ್ಲ, ಬರೆದು ತಿಳಿಸೋಕೆ ಆಗದ ವಿಷಯ ಅದು. ಆದರೆ ಡ್ರಮ್ಮಿನ ಪಕ್ಕ ನಿಂತಾಗ ನಿಮಗೆ ಬೇಕಾಗೋದು ಒಂದೇ ಒಂದು ಅಳತೆ. ಕೈ ತುಂಬ ಸುಣ್ಣ, ಮಳೆ ಮೋಡ ಮೇಲೆ, ಮದ್ದು ಹೊಡೆಯುವವನು ಕಾಯ್ತಾ ಇದ್ದಾನೆ, ಆ ಅಳತೆ ವಿಡಿಯೋದ ಎಷ್ಟನೇ ನಿಮಿಷದಲ್ಲಿದೆ? ಮೊದಲು ಅವರ ತೋಟದ ಪರಿಚಯ, ಆಮೇಲೆ ಲೈಕ್ ಮಾಡಿ ಶೇರ್ ಮಾಡಿ, ಆಮೇಲೆ ಒಂದು ಜಾಹೀರಾತು. ಕೃಷಿ ವಿಜ್ಞಾನ ಕೇಂದ್ರದ ಒಂದು ಹಾಳೆಯ ಕರಪತ್ರ ನಮ್ಮ ಪಂಪ್‌ಹೌಸ್ ಗೋಡೆಗೆ ಮೊಳೆ ಹೊಡೆದು ನೇತು ಹಾಕಿದೆ, ತಲೆ ಎತ್ತಿ ನೋಡಿದರೆ ಅಳತೆ ಕಾಣುತ್ತೆ. ನೆಟ್‌ವರ್ಕ್ ಬೇಡ. ನಮ್ಮ ಕಡೆ ಮಳೆಗಾಲದಲ್ಲಿ ನೆಟ್‌ವರ್ಕ್ ಇರೋದೂ ಇಲ್ಲ ಬಿಡಿ.

ಅಳತೆಗಿಂತ ದೊಡ್ಡ ವಿಷಯ "ಯಾಕೆ" ಅನ್ನೋದು. ಬಹಳ ವಿಡಿಯೋಗಳಲ್ಲಿ ಹೀಗೆ ಮಾಡಿ ಅಂತ ತೋರಿಸ್ತಾರೆ, ಕತ್ತಿ ಯಾಕೆ ಅದ್ದಬೇಕು ಅಂತ ಬಿಡಿಸಿ ಹೇಳೋದು ಕಡಿಮೆ. ಸುಣ್ಣ ಹಳತಾಗಿದ್ದರೆ, ಗಾಳಿಗೆ ಬಿದ್ದು ಸತ್ವ ಹೋಗಿದ್ದರೆ, 1 ಕೆಜಿ ಸಾಲಲ್ಲ. ತುತ್ತ ಹೆಚ್ಚಾಗಿ ಉಳಿದರೆ ಎಳೆ ಕಾಯಿ, ಸೋಗೆ ಸುಡುತ್ತೆ. ಆ ಕಾರಣ ಗೊತ್ತಿದ್ದವನು ಸುಣ್ಣದ ಚೀಲ ನೋಡಿಯೇ ಎಚ್ಚರ ಆಗ್ತಾನೆ, ಬರೀ ನೋಡಿ ಕಲಿತವನು 1 ಕೆಜಿ ಅಂದ್ರಲ್ಲ ಅಂತ 1 ಕೆಜಿ ಹಾಕಿ ಮುಗಿಸ್ತಾನೆ. ಕಾರಣವನ್ನು ಕ್ಯಾಮೆರಾಕ್ಕೆ ತೋರಿಸೋಕೆ ಆಗಲ್ಲ, ಅದನ್ನು ಮಾತಲ್ಲೇ ಹೇಳಬೇಕು, ಮಾತಲ್ಲಿ ಹೇಳಿದ್ದು ತಲೆಗೆ ಇಳಿಯೋಕೆ ಒಂದು ಗಳಿಗೆ ನಿಲ್ಲಬೇಕು. ಪುತ್ತೂರಿನಿಂದ 1988ರಲ್ಲಿ ಶುರುವಾದ ಅಡಿಕೆ ಪತ್ರಿಕೆಯಲ್ಲಿ ಕೃಷಿಕರೇ ಬರೀತಾರೆ, ಅದು ನನಗೆ ಇಷ್ಟ ಆಗೋದೂ ಇದಕ್ಕೇ. ಮಾಡಿದ್ದನ್ನು ಬರೆಯೋಕೆ ಕೂತವನಿಗೆ ಅಳತೆ, ಕಾರಣ ಎರಡನ್ನೂ ಹೇಳದೆ ಗತಿ ಇಲ್ಲ.

ಹಾಗಂತ ಕೈಕೆಲಸವನ್ನು ಪುಸ್ತಕ ಓದಿ ಕಲೀತೀನಿ ಅಂತ ಹೊರಟರೆ ನಗೆಪಾಟಲು. ಮಳೆ ತಾಗದ ಹಾಗೆ ಅಡಿಕೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟೋದನ್ನು ಬರೆದು ತಿಳಿಸಿ ನೋಡೋಣ! ಮರದ ಮೇಲೆ ಒಂದು ಕೈಯಲ್ಲಿ ಹಿಡಿತ, ಇನ್ನೊಂದು ಕೈಯಲ್ಲಿ ಗಂಟು, ಆ ಗಂಟು ಗಾಳಿಗೆ ಬಿಚ್ಚಬಾರದು. ಕಾರ್ಬನ್ ಫೈಬರ್ ದೋಟಿಯಲ್ಲಿ ನೆಲದ ಮೇಲೆ ನಿಂತು ಮದ್ದು ಹೊಡೆಯೋದೂ ಹಾಗೇ, ಬಾಗುವ ಕೋಲನ್ನು ಕುತ್ತಿಗೆ ನೋಯದ ಹಾಗೆ ಹೇಗೆ ಹಿಡೀಬೇಕು ಅನ್ನೋದನ್ನು ನೋಡಿಯೇ ತಿಳೀಬೇಕು. ಇಂಥದ್ದಕ್ಕೆ ವಿಡಿಯೋ ನೋಡಿ, ಕಣ್ಣು ಮುಚ್ಚಿ ಶಿಫಾರಸು ಮಾಡ್ತೀನಿ. ಒಂದು ಎಚ್ಚರಿಕೆ ಮಾತ್ರ ಇದೆ. ಕಾರ್ಡಸ್ ಮತ್ತು ಓಬ್ರಯನ್ ಅನ್ನೋ ಇಬ್ಬರು 2018ರಲ್ಲಿ ಒಂದು ಪ್ರಯೋಗದ ವರದಿ ಬರೆದರು. ಡಾರ್ಟ್ ಎಸೆಯೋದು, ತಟ್ಟೆ ಲೋಟ ಅಲುಗದ ಹಾಗೆ ಮೇಜಿನ ಬಟ್ಟೆ ಎಳೆಯೋದು, ಇಂಥ ಕೈಚಳಕದ ವಿಡಿಯೋಗಳನ್ನು ಕೆಲವರಿಗೆ ಒಮ್ಮೆ, ಕೆಲವರಿಗೆ ಇಪ್ಪತ್ತು ಸಲ ತೋರಿಸಿದರು. ಜಾಸ್ತಿ ಸಲ ನೋಡಿದವರಿಗೆ "ನಾನೂ ಮಾಡಬಲ್ಲೆ" ಅನ್ನೋ ಧೈರ್ಯ ಜಾಸ್ತಿ ಬಂತು. ಡಾರ್ಟ್ ಕೈಗೆ ಕೊಟ್ಟು ಎಸೆಯಿರಿ ಅಂದಾಗ ಒಮ್ಮೆ ನೋಡಿದವರಿಗಿಂತ ಒಂದಿಷ್ಟೂ ಚೆನ್ನಾಗಿ ಎಸೆಯಲಿಲ್ಲ. ನಮ್ಮೂರಲ್ಲಿ ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡರಿಗೆ ಈ ಪ್ರಯೋಗದ ಬಗ್ಗೆ ಹೇಳಿದರೆ, ಇದನ್ನು ಕಂಡುಹಿಡಿಯೋಕೆ ಅಮೆರಿಕಕ್ಕೆ ಹೋಗಬೇಕಿತ್ತಾ ಅಂತ ನಗ್ತಾರೆ.

ಇನ್ನು ಆಡಿಯೋ. ಇದನ್ನು ಕೀಳಾಗಿ ನೋಡುವವರ ಜೊತೆ ನನ್ನದು ಯಾವತ್ತೂ ಜಗಳ. ಓದು ಬರಹ ಇಲ್ಲದ ನಮ್ಮ ಅಜ್ಜಿಯಂದಿರಿಗೆ ಇಡೀ ಮಹಾಭಾರತ ಗೊತ್ತಿತ್ತು, ಅದೆಲ್ಲ ಕಿವಿಯಿಂದಲೇ ಬಂದದ್ದು. ಶಿವಮೊಗ್ಗದ ಹತ್ತಿರ ಹೊಸಹಳ್ಳಿಯಲ್ಲಿ ಕಾವ್ಯವನ್ನು ರಾಗವಾಗಿ ಓದುವ ಗಮಕ ಕಲೆ ಇವತ್ತಿಗೂ ಜೀವಂತ ಇದೆ, ಆ ಊರಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕ ಹೇಗೆ ನಡೆಯುತ್ತೆ ಅಂತ ನೋಡಿದ್ದೀರಾ? ಒಬ್ಬರು ಪದ್ಯ ವಾಚನ ಮಾಡ್ತಾರೆ, ನಿಲ್ಲಿಸ್ತಾರೆ. ಪಕ್ಕದಲ್ಲಿ ಕೂತವರು ಅದಕ್ಕೆ ವ್ಯಾಖ್ಯಾನ ಹೇಳ್ತಾರೆ. ಆಮೇಲೆ ಮುಂದಿನ ಪದ್ಯ. ಕೇಳುವವರಿಗಾಗಿ ನಿಲ್ಲೋದನ್ನು ಆ ಕಲೆಯ ಒಳಗೇ ಇಟ್ಟಿದ್ದಾರೆ. ಒಂದೂವರೆ ಪಟ್ಟು ವೇಗದಲ್ಲಿ ಗಮಕ ಕೇಳಿದವರು ಯಾರೂ ಇರಲಿಕ್ಕಿಲ್ಲ.

ವೇಷ, ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ, ಅಂದ್ರೆ ತಾಳಮದ್ದಳೆಯಲ್ಲಿ ಇನ್ನೊಂದು ಗುಟ್ಟಿದೆ. ಅಲ್ಲಿ ಕೂತವರಿಗೆಲ್ಲ ಪ್ರಸಂಗ ಮೊದಲೇ ಗೊತ್ತು. ವಾಲಿ ಸಾಯ್ತಾನೆ, ಕೌರವ ಸಂಧಿಗೆ ಒಪ್ಪಲ್ಲ, ಅದರಲ್ಲಿ ಹೊಸದೇನಿದೆ? ಕಥೆಯ ನಕಾಶೆ ತಲೆಯಲ್ಲಿ ಇರೋದರಿಂದಲೇ ಪಾತ್ರದ ಮಾತಾಡುವ ಅರ್ಥಧಾರಿ ಇವತ್ತು ಯಾವ ವಾದ ಹೂಡಿದ, ಎದುರಿನವನು ಹೇಗೆ ಮುರಿದ ಅಂತ ಸವಿಯೋಕೆ ಆಗುತ್ತೆ. ಅರ್ಥ ಹೇಳುವ ಆ ಅರ್ಥಧಾರಿ ಎಷ್ಟು ಓದಿರ್ತಾನೆ ಅನ್ನೋದು ಬೇರೆ ಮಾತು. ಹಾಗಾಗಿ ಆಡಿಯೋ ಬಗ್ಗೆ ನನ್ನ ಲೆಕ್ಕ ಇದು: ಅರ್ಧ ಗೊತ್ತಿರುವ ವಿಷಯವನ್ನು ಗಟ್ಟಿ ಮಾಡಿಕೊಳ್ಳೋಕೆ ಅದು ಬಹಳ ಚೆನ್ನ. ಒಮ್ಮೆ ಓದಿದ ಪಾಠವನ್ನು ಬಸ್ಸಲ್ಲಿ, ಅಡಿಕೆ ಸುಲಿಯುವಾಗ, ಪಾತ್ರೆ ತೊಳೆಯುವಾಗ ಕೇಳಿ. ಹೊಸ ವಿಷಯ, ಅದರಲ್ಲೂ ಕಾಯ್ದೆ, ಲೆಕ್ಕ, ಅರ್ಥಶಾಸ್ತ್ರದಂಥದ್ದನ್ನು ಬಸ್ಸಿನ ಗದ್ದಲದಲ್ಲಿ ಮೊದಲ ಸಲ ಕೇಳಿದರೆ ಒಳಗೆ ಏನೂ ಉಳಿಯಲ್ಲ.

ಕಣ್ಣು ಕಾಣದವರ ಮಾತೇ ಬೇರೆ, ಅವರಿಗೆ ಕೇಳೋದೇ ಓದು. ಪರದೆ ಮೇಲಿನ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರ ಪಕ್ಕ ಸ್ವಲ್ಪ ಹೊತ್ತು ಕೂತು ನೋಡಿ. ಒಂದು ಸಾಲು ಕೇಳಿ ಕೀಲಿ ಒತ್ತಿ ನಿಲ್ಲಿಸ್ತಾರೆ, ಒಂದು ಪದಕ್ಕೆ ವಾಪಸ್ ಹೋಗ್ತಾರೆ, ಬೇಕಾದರೆ ಅಕ್ಷರ ಅಕ್ಷರ ಬಿಡಿಸಿ ಕೇಳ್ತಾರೆ. ಲಗಾಮು ಪೂರ್ತಿ ಅವರ ಕೈಯಲ್ಲೇ ಇರುತ್ತೆ. ಪುಸ್ತಕ ಮಡಿಲಲ್ಲಿಟ್ಟುಕೊಂಡು ಸಾಲು ಸಾಲಿಗೂ ಹಳದಿ ಬಣ್ಣ ಬಳಿಯುತ್ತಾ ಪುಟ ಮಗುಚುವ ನಮ್ಮ ಹುಡುಗರಿಗಿಂತ ಅವರು ಎಷ್ಟೋ ಚೆನ್ನಾಗಿ ಓದ್ತಾರೆ.

ಹೌದು, ಪುಸ್ತಕ ಕೈಯಲ್ಲಿದೆ ಅಂದ ಮಾತ್ರಕ್ಕೆ ಓದಿದ ಹಾಗಲ್ಲ. ಒಂದೇ ಗೈಡನ್ನು ಮೂರು ಸಲ ಓದಿದ್ದೀನಿ ಅಂತ ಹೇಳಿಕೊಳ್ಳುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಮತ್ತೆ ಮತ್ತೆ ಓದೋದರಿಂದ ಪುಟ ಪರಿಚಯ ಆಗುತ್ತೆ, ವಿಷಯ ಬರಲ್ಲ. ರೋಡಿಗರ್, ಕಾರ್ಪಿಕಿ ಅನ್ನೋ ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಒಂದು ಗುಂಪು ಪಾಠವನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಹಾಳೆ ಪಕ್ಕಕ್ಕಿಟ್ಟು, ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿಂದ ಬರೆದವರಿಗೆ ಶೇಕಡಾ 56ರಷ್ಟು ನೆನಪಿತ್ತು, ಎರಡು ಸಲ ಓದಿದವರಿಗೆ 42. ನಿಮ್ಮ ಪರೀಕ್ಷೆ ಐದು ನಿಮಿಷಕ್ಕೆ ಇರಲ್ಲ ಅಲ್ವಾ?

ಪುಸ್ತಕದ ಸಾರ ಹೇಳುವ ಚಾನೆಲ್‌ಗಳ ಬಗ್ಗೆ ಜಾಸ್ತಿ ಹೇಳಲ್ಲ. ಯಾವ ಪುಸ್ತಕ ಕೊಳ್ಳಬೇಕು ಅಂತ ಆರಿಸೋಕೆ ಸರಿ, ಓದಿದ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ. ಲೇಖಕ ನೂರಾರು ಪುಟದಲ್ಲಿ ಉದಾಹರಣೆ ಕೊಟ್ಟು, ಆಕ್ಷೇಪಣೆಗೆ ಉತ್ತರ ಕೊಟ್ಟು, ನಿಧಾನಕ್ಕೆ ನಿಮ್ಮನ್ನು ಒಪ್ಪಿಸಿದ ಮಾತನ್ನು ಇವರು ಏಳು ಸೂತ್ರ ಮಾಡಿ ಕೈಗೆ ಕೊಡ್ತಾರೆ. ಸೂತ್ರ ನೆನಪಿರುತ್ತೆ, ಅದನ್ನು ಯಾಕೆ ನಂಬಬೇಕು ಅನ್ನೋದು ಗೊತ್ತಿರಲ್ಲ, ಎಲ್ಲಿ ಒಪ್ಪಬಾರದು ಅನ್ನೋದಂತೂ ಗೊತ್ತೇ ಆಗಲ್ಲ.

ಈಗ ನಿಮ್ಮ ತಯಾರಿಗೆ ಏನು ಮಾಡಬಹುದು ಅಂತ ಹೇಳ್ತೀನಿ. ಹೊಸ ಅಧ್ಯಾಯ ಶುರು ಮಾಡುವಾಗ ಬೇಕಿದ್ದರೆ ಒಂದು ವಿಡಿಯೋ ನೋಡಿ, ಭಯ ಕಡಿಮೆ ಆಗುತ್ತೆ. ಪೆನ್ನು ಹಿಡಿಯಬೇಡಿ, ಸುಮ್ನೆ ನೋಡಿ. ಆಮೇಲೆ 6ರಿಂದ 10ನೇ ತರಗತಿಯ ಸರ್ಕಾರಿ ಪಠ್ಯಪುಸ್ತಕದಲ್ಲಿ ಅದೇ ಭಾಗ ತೆಗೆದು ಓದಿ. ದಪ್ಪ ಗೈಡು ಆಮೇಲೆ ಇರಲಿ. ಒಂದು ಪುಟ ಮುಗಿದ ಮೇಲೆ ಪುಸ್ತಕ ಮುಚ್ಚಿ, ಖಾಲಿ ಹಾಳೆ ಮೇಲೆ ನಿಮ್ಮ ಮಾತಲ್ಲಿ ಬರೆಯಿರಿ. ಮೊದಮೊದಲು ನಾಲ್ಕು ಸಾಲು ಬರೆಯೋಕೂ ತಿಣುಕಾಡ್ತೀರಿ, ಬೇಜಾರಾಗುತ್ತೆ, ವಿಡಿಯೋ ನೋಡುವಾಗ ಎಲ್ಲ ಗೊತ್ತಿತ್ತಲ್ಲ ಅನ್ನಿಸುತ್ತೆ. ಬಿಟ್ಟುಹೋದದ್ದನ್ನು ಮಾತ್ರ ತೆರೆದು ನೋಡಿ. ಇತಿಹಾಸದ ಭಾಗವಾದರೆ ರಾತ್ರಿ ಅದನ್ನೇ ಆಡಿಯೋದಲ್ಲಿ ಕೇಳಿ ಮಲಗಿ. ವಿಡಿಯೋವನ್ನೇ ನೆಚ್ಚಿಕೊಂಡವರಾದರೆ ಅಲ್ಲೂ ಇದೇ ನಿಯಮ ಇಟ್ಟುಕೊಳ್ಳಿ, ಐದು ನಿಮಿಷಕ್ಕೊಮ್ಮೆ ನಿಲ್ಲಿಸಿ ಬರೆಯಿರಿ. ಹಾಗೆ ಮಾಡುವವರಿಗೆ ವಿಡಿಯೋದಲ್ಲೂ ಪಾಠ ಹತ್ತುತ್ತೆ. ಆದರೆ ಕೆಳಗೆ ಮುಂದಿನ ವಿಡಿಯೋ ಕಣ್ಣು ಹೊಡೀತಾ ಇರುವಾಗ ನಿಲ್ಲಿಸುವವರನ್ನು ನಾನು ಕಂಡಿದ್ದು ಕಡಿಮೆ.

ನಿದ್ದೆ ವಿಷಯ. ಮಲಗಿಕೊಂಡು ಓದ್ತೀರಾ, ಊಟ ಆದ ಮೇಲೆ ಓದ್ತೀರಾ, ಮೊದಲು ಅದನ್ನು ನೋಡಿ. ಎರಡೂ ಇಲ್ಲ ಅಂದ್ರೆ ಪುಸ್ತಕ ನಿಮಗೆ ಭಾರ ಆಗಿದೆ ಅಂತ ಅರ್ಥ, ಒಂದು ತರಗತಿ ಕೆಳಗಿನ ಪುಸ್ತಕ ಹಿಡೀರಿ, ನಾಚಿಕೆ ಏನೂ ಬೇಡ. ಅರ್ಥ ಆಗದ್ದನ್ನು ಗಟ್ಟಿಯಾಗಿ ಓದಿ, ನಿದ್ದೆಯೂ ಹೋಗುತ್ತೆ, ಮನೆಯವರಿಗೂ ಒಂದಿಷ್ಟು ಸಂವಿಧಾನ ಬರುತ್ತೆ. ಫೋನ್ ಬೇರೆ ಕೋಣೆಯಲ್ಲಿಡಿ. ಮನೆಯಲ್ಲಿ ಆಗಲ್ಲ ಅಂದ್ರೆ ನಿಮ್ಮ ಪಂಚಾಯಿತಿ ಲೈಬ್ರರಿಗೆ ಹೋಗಿ ಕೂರಿ. ಮನೆ ಕಂದಾಯದ ರಸೀದಿ ತೆಗೆದು ನೋಡಿದರೆ ಗ್ರಂಥಾಲಯ ಕರ ಅಂತ ರೂಪಾಯಿಗೆ 6 ಪೈಸೆ ಹಿಡಿದಿರೋದು ಕಾಣುತ್ತೆ, ದುಡ್ಡು ಆಗಲೇ ಕೊಟ್ಟಾಗಿದೆ. ಬೇಕಾದ ಪುಸ್ತಕ ಅಲ್ಲಿಲ್ಲ ಅಂದ್ರೆ ಹೆಸರು ಬರೆದು ಕೊಟ್ಟು ಬನ್ನಿ, ಕೇಳುವವರು ಇಲ್ಲದೆ ನಮ್ಮ ಪಟ್ಟಿ ಎಷ್ಟೋ ಸಲ ಖಾಲಿಯೇ ಹೋಗುತ್ತೆ.